ಮನೆಯನ್ನು ಪಾಠಶಾಲೆಯನ್ನಾಗಿ ಮಾಡಿದ ಮಾತೆ: ಸುಸನ್ನಮ್ಮ ವೆಸ್ಲಿಯವರು

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳು ಈಗ ತಾಯಂದಿರಾಗಿ, ತಮ್ಮ ಮಕ್ಕಳ ಕೈ ಹಿಡಿದುಕೊಂಡು ನಮ್ಮನ್ನು ಕಾಣಲು ಬರುವಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು. ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ, ಐದು ವರ್ಷದ ಮಗನಿದ್ದಾನೆ, ಮೂರು ವರ್ಷದ ಕೂಸೂ ಇದೆ. ಒಬ್ಬರಿಗೆ ಓದು ಹೇಳಿಕೊಡಲು ಕುಳಿತರೆ ಮತ್ತೊಬ್ಬರು ಪುಸ್ತಕವನ್ನು ಎಳೆಯುತ್ತಾರೆ. ಅಕ್ಕನಿಗೆ ಬಂದದ್ದು ತನಗೆ ಬಾರದೆಂದು ತಮ್ಮನು ಅಳುತ್ತಾನೆ. ತಾಯಿಯೊಬ್ಬಳು ಇವರೆಲ್ಲರಿಗೂ ಓದು ಕಲಿಸುವುದು ಹೇಗೆ? ಈ ಪ್ರಶ್ನೆಯು ಹೊಸದಲ್ಲ. ಮುನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ ವಾಸವಾಗಿದ್ದ ಒಬ್ಬ ಬಡ ಸಭಾಪಾಲಕರ ಪತ್ನಿಯು ಇದೇ ಪ್ರಶ್ನೆಗೆ ತನ್ನ ಆಯುಷ್ಯದ ಇಪ್ಪತ್ತು ವರ್ಷಗಳನ್ನು ಕೊಟ್ಟು ಉತ್ತರವನ್ನು ಕಂಡುಕೊಂಡಳು. ಆಕೆಯೇ ಸುಸನ್ನಮ್ಮ ವೆಸ್ಲಿಯವರು. ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಎಂಬ ಲೋಕಪ್ರಸಿದ್ಧರಾದ ಸಹೋದರರ ತಾಯಿ ಎಂದು ಆಕೆಯ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಆಕೆಯು ಒಬ್ಬ ಉಪಾಧ್ಯಾಯಿನಿಯೂ ಆಗಿದ್ದರೆಂಬುದನ್ನು ಬಲ್ಲವರು ಸ್ವಲ್ಪ ಮಂದಿ. ಆ ಉಪಾಧ್ಯಾಯಿನಿಯ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಸುಸನ್ನಮ್ಮನವರು 1669ನೆಯ ಇಸವಿ ಜನವರಿ ತಿಂಗಳ 20ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದಲ್ಲಿ ಜನಿಸಿದರು. ತಂದೆಯಾದ ಡಾಕ್ಟರ್ ಸಾಮುವೇಲ್ ಆನ್ಸ್ಲಿಯವರು ಘನ ವಿದ್ವಾಂಸರು. ತಮ್ಮ ಮನಸ್ಸಾಕ್ಷಿಯ ನಿಮಿತ್ತವಾಗಿ 1662ರಲ್ಲಿ ರಾಜ್ಯದ ಸಭೆಯ ಉದ್ಯೋಗವನ್ನು ಕಳೆದುಕೊಂಡವರು. ಅವರ 25 ಮಕ್ಕಳಲ್ಲಿ ಈಕೆಯೇ ಕಡೆಯವರೆಂದು ಹೇಳುತ್ತಾರೆ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿದ್ಯಾಲಯಗಳ ಬಾಗಿಲು ತೆರೆದಿರಲಿಲ್ಲ. ಆದರೂ ತಂದೆಯ ಪುಸ್ತಕಗಳ ಮಧ್ಯದಲ್ಲಿ ಬೆಳೆದ ಈ ಬಾಲಕಿಯು ಓದಿ, ಯೋಚಿಸಿ, ಹದಿಮೂರು ವರ್ಷ ತುಂಬುವುದರೊಳಗಾಗಿ ತಾನು ಯಾವ ಸಭೆಗೆ ಸೇರಬೇಕೆಂಬುದನ್ನು ತಾನೇ ನಿಶ್ಚಯಿಸಿಕೊಂಡಳು. ಅದು ತಂದೆಯು ಬಿಟ್ಟುಬಂದಿದ್ದ ಸಭೆಯೇ ಆಗಿತ್ತು. ಮಗಳ ತೀರ್ಮಾನವು ತಮ್ಮ ಅಭಿಪ್ರಾಯಕ್ಕೆ ವಿರೋಧವಾಗಿದ್ದರೂ ತಂದೆಯು ಆಕೆಯ ಮೇಲಣ ಪ್ರೀತಿಯನ್ನು ಕಡಿಮೆ ಮಾಡಲಿಲ್ಲ. ಓದು ಬಲ್ಲ ಮನುಷ್ಯನು ತನ್ನ ಬುದ್ಧಿಯಿಂದಲೇ ವಿಚಾರಮಾಡಬಲ್ಲನೆಂಬುದನ್ನು ಸುಸನ್ನಮ್ಮನವರು ಬಾಲ್ಯದಲ್ಲಿಯೇ ಹೀಗೆ ಅನುಭವದಿಂದ ಅರಿತುಕೊಂಡರು.

1688ರಲ್ಲಿ ಅವರಿಗೆ ಸಾಮುವೇಲ್ ವೆಸ್ಲಿಯೆಂಬ ಯುವಕನೊಡನೆ ವಿವಾಹವಾಯಿತು. ಕೆಲವು ವರ್ಷಗಳ ಮೇಲೆ ಲಿಂಕನ್‌ಷೈರ್ ಸೀಮೆಯ ಎಪ್‌ವರ್ತ್ ಎಂಬ ಗ್ರಾಮಕ್ಕೆ ವೆಸ್ಲಿಯವರು ಸಭಾಪಾಲಕರಾಗಿ ನೇಮಕವಾಗಲು, ಸಂಸಾರವು ಅಲ್ಲಿ ನೆಲೆಸಿತು. ಸುತ್ತಲೂ ಜೌಗು ಭೂಮಿ, ಹುಲ್ಲು ಹೊದಿಸಿದ ಮನೆ, ಸಾಲದು ಬಾರದೆನ್ನುವ ಆದಾಯ. ಯಜಮಾನರು ಪಾಂಡಿತ್ಯದಲ್ಲಿ ದೊಡ್ಡವರೇ ಹೊರತು ಲೆಕ್ಕಾಚಾರದಲ್ಲಿ ಜಾಣರಲ್ಲ. 1705ರಲ್ಲಿ ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆಯನ್ನೂ ಕಂಡರು. ಸುಸನ್ನಮ್ಮನವರು ಒಟ್ಟು 19 ಮಕ್ಕಳನ್ನು ಹೆತ್ತರು. ಅವರಲ್ಲಿ 9 ಮಂದಿ ಶೈಶವದಲ್ಲಿಯೇ ತೀರಿಕೊಂಡರು. ಉಳಿದು ಬೆಳೆದವರು ಮೂರು ಗಂಡುಮಕ್ಕಳು, ಏಳು ಹೆಣ್ಣುಮಕ್ಕಳು. ಇಷ್ಟು ದುಃಖ, ಇಷ್ಟು ಬಡತನ, ಇಷ್ಟು ಮನೆಗೆಲಸ ಇವುಗಳ ನಡುವೆ ಆಕೆಯು ತನ್ನ ಮಕ್ಕಳಿಗೆ ದಿನಕ್ಕೆ ಆರು ಗಂಟೆಗಳ ಪಾಠಶಾಲೆಯನ್ನು ನಡೆಸಿದರೆಂಬುದು ಆಶ್ಚರ್ಯವಲ್ಲವೇ?

ಈ ಶಾಲೆಯ ಮೊದಲನೆಯ ವಿದ್ಯಾರ್ಥಿಯು ಹಿರಿಯ ಮಗನಾದ ಸಾಮುವೇಲನು. ಈ ಮಗುವು ನಾಲ್ಕು ವರ್ಷ ದಾಟಿದರೂ ಮಾತನಾಡಲಿಲ್ಲ. ಮೂಕನಾಗಿಯೇ ಉಳಿಯುವನೋ ಎಂದು ಹೆತ್ತವರು ಕಳವಳಗೊಂಡಿದ್ದರು. ಒಂದು ದಿನ ಅವನು ಕಾಣದೆ ಹೋದಾಗ ತಾಯಿಯು ಮನೆಯೆಲ್ಲ ಹುಡುಕಿ ಕೂಗಲಾಗಿ, ಮೇಜಿನ ಕೆಳಗೆ ಬೆಕ್ಕಿನೊಡನೆ ಆಡುತ್ತ ಕುಳಿತಿದ್ದ ಹುಡುಗನು ತಾನು ಇಲ್ಲಿರುವೆನೆಂದು ಸ್ಪಷ್ಟವಾಗಿ ಉತ್ತರ ಕೊಟ್ಟನೆಂದು ಹೇಳುತ್ತಾರೆ. ತಡವಾಗಿ ಮಾತು ಬಂದ ಇದೇ ಮಗುವಿಗೆ ಐದು ವರ್ಷ ತುಂಬಿದ ಮರುದಿನವೇ ತಾಯಿಯು ಅಕ್ಷರಾಭ್ಯಾಸಕ್ಕೆ ಆರಂಭಿಸಿದರು. ಅಂದಿನಿಂದ ಐದು ವರ್ಷ ತುಂಬಿದ ಮರುದಿನವೇ ಓದಿನ ಮೊದಲ ದಿನವೆಂಬುದು ಆ ಮನೆಯ ಕಟ್ಟಳೆಯಾಯಿತು.

ಆ ಮೊದಲ ದಿನಕ್ಕೆ ಸುಸನ್ನಮ್ಮನವರು ಮಾಡುತ್ತಿದ್ದ ಸಿದ್ಧತೆಯು ಗಮನಿಸತಕ್ಕದ್ದು. ಹಿಂದಿನ ದಿವಸವೇ ಮನೆಯನ್ನು ಓರಣಮಾಡಿ, ಯಾರು ಯಾರು ಯಾವ ಯಾವ ಕೆಲಸ ಮಾಡಬೇಕೆಂಬುದನ್ನು ಹಂಚಿಕೊಟ್ಟುಬಿಡುವರು. ಬೆಳಿಗ್ಗೆ 9ರಿಂದ 12ರ ವರೆಗೆ, ಮಧ್ಯಾಹ್ನ 2ರಿಂದ 5ರ ವರೆಗೆ ಯಾರೂ ಆ ಕೋಣೆಯೊಳಗೆ ಬರಕೂಡದೆಂದು ಕಟ್ಟಪ್ಪಣೆ. ಆ ದಿನವೆಲ್ಲ ತಾಯಿಯು ಆ ಒಂದು ಮಗುವಿನವಳೇ. ಅನೇಕ ಅಣ್ಣತಮ್ಮಂದಿರ, ಅಕ್ಕತಂಗಿಯರ ನಡುವೆ ಬೆಳೆಯುವ ಕೂಸಿಗೆ ತಾಯಿಯ ಪೂರ್ಣ ಗಮನವು ಒಂದು ದಿನವಿಡೀ ದೊರೆಯುವುದೆಂದರೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಯಾವುದು?

ಆ ಒಂದು ದಿನದಲ್ಲಿಯೇ ಮಕ್ಕಳು ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನೂ ಚಿಕ್ಕ ಅಕ್ಷರಗಳನ್ನೂ ಕಲಿತುಬಿಡುತ್ತಿದ್ದರು. ಮೇರಿ ಮತ್ತು ಆನ್ ಎಂಬಿಬ್ಬರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಆಗ ತಾಯಿಯು ಅವರಿಬ್ಬರನ್ನು ಮಂದಮತಿಗಳೆಂದು ಎಣಿಸಿದರು. ಆದರೆ ಮುಂದೆ, ಬೇರೆ ಮನೆಗಳ ಮಕ್ಕಳು ಅಕ್ಷರದ ಹಲಗೆಯನ್ನು ಹಿಡಿದು ಎಷ್ಟು ಕಾಲ ತೊಳಲುತ್ತಾರೆಂಬುದನ್ನು ಕಂಡ ಮೇಲೆ, ತಮ್ಮ ಅಭಿಪ್ರಾಯವು ತಪ್ಪೆಂದು ಒಪ್ಪಿಕೊಂಡು ಬರೆದಿಟ್ಟರು. ಒಂದು ಮಗುವನ್ನು ಅದರ ಅಣ್ಣನೊಡನೆ ಹೋಲಿಸಿ ದಡ್ಡನೆನ್ನುವುದು ಎಷ್ಟು ಸುಲಭ! ಹಾಗೆ ಎಣಿಸಿದ್ದು ತಪ್ಪೆಂದು ಒಪ್ಪಿಕೊಳ್ಳುವ ತಾಯಂದಿರೂ ಉಪಾಧ್ಯಾಯಿನಿಯರೂ ಎಷ್ಟು ವಿರಳ!

ಅಕ್ಷರಗಳು ಬಂದ ಕೂಡಲೇ ಸತ್ಯವೇದದ ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಮಗುವಿನ ಮುಂದೆ ಇಡುವರು. ಬೇರೆ ಬಾಲಬೋಧೆಯೇ ಇಲ್ಲ. ಮೊದಲನೆಯ ವಚನದ ಒಂದೊಂದು ಶಬ್ದವನ್ನು ಅಕ್ಷರ ಕೂಡಿಸಿ ಓದಿಸಿ, ತಡೆಯಿಲ್ಲದೆ ಸರಾಗವಾಗಿ ಬರುವ ತನಕ ಮತ್ತೆ ಮತ್ತೆ ಓದಿಸುವರು. ಬಳಿಕ ಎರಡನೆಯ ವಚನ. ಪಾಠವು ಒಂದು ಸಾಲಾಗಲಿ, ಒಂದು ವಚನವಾಗಲಿ, ಅದು ಪೂರ್ತಿಯಾಗಿ ಬರುವ ಮೊದಲು ಮುಂದಕ್ಕೆ ಹೋಗುವಂತಿಲ್ಲ. ಸಾಮುವೇಲನು ಬೇಗನೆ ದಿನಕ್ಕೆ ಹತ್ತು ವಚನಗಳನ್ನು ಓದುವಂತಾಗಿ, ಆ ವರ್ಷದ ಪಂಚಾಶತ್ತಮ ದಿನದ ಹಬ್ಬದ ವೇಳೆಗೆ ಒಂದು ಅಧ್ಯಾಯವನ್ನು ಚೆನ್ನಾಗಿ ಓದಬಲ್ಲವನಾದನು. ಅವನಿಗೆ ಒಂದು ಶಬ್ದವನ್ನು ಎರಡು ಸಾರಿ ಹೇಳಿಕೊಟ್ಟ ನೆನಪು ತಾಯಿಗಿರಲಿಲ್ಲ. ಎಲ್ಲ ಮಕ್ಕಳೂ ಹಾಗಿರಲಿಲ್ಲ. ಒಂದು ಮಗುವಿಗೆ ಆಕೆಯು ಒಂದೇ ಮಾತನ್ನು ಇಪ್ಪತ್ತು ಸಾರಿ ಹೇಳಿಕೊಟ್ಟದ್ದನ್ನು ಎಣಿಸುತ್ತ ಕುಳಿತಿದ್ದ ಯಜಮಾನರು ಆ ತಾಳ್ಮೆಗೆ ಬೆರಗಾದರೆಂದೂ, ಹತ್ತೊಂಬತ್ತಕ್ಕೇ ನಿಲ್ಲಿಸಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತೆಂದು ಆಕೆಯು ಉತ್ತರ ಕೊಟ್ಟರೆಂದೂ ಒಂದು ಕಥೆಯುಂಟು.

ಹೀಗೆ ವರ್ಷಗಳು ಕಳೆದಂತೆ ಒಂದೇ ಕೋಣೆಯಲ್ಲಿ ಹದಿನೈದು ವರ್ಷದ ಮಗಳೂ ಐದು ವರ್ಷದ ಮಗನೂ ಕೂಡಿ ಕುಳಿತುಕೊಳ್ಳುವಂತಾಯಿತು. ಒಬ್ಬರ ಓದು ಮುಗಿದರೆ ಮತ್ತೊಬ್ಬರದು. ಶಾಲೆಯ ಹೊತ್ತಿನಲ್ಲಿ ಯಾರಾದರೊಬ್ಬರ ಓದುವ ಧ್ವನಿಯು ಕೇಳುತ್ತಲೇ ಇರುವುದು. ಮಧ್ಯಾಹ್ನ ಏಳುವುದಕ್ಕೆ ಮೊದಲು ಪ್ರತಿಯೊಬ್ಬರೂ ಬೆಳಿಗ್ಗೆ ಕಲಿತದ್ದನ್ನು ಓದಿ ತೋರಿಸಬೇಕು. ಸಂಜೆ ಏಳುವುದಕ್ಕೆ ಮೊದಲು ಆ ದಿನವೆಲ್ಲ ಕಲಿತದ್ದನ್ನು ಓದಿ ತೋರಿಸಬೇಕು. ಚಿಕ್ಕವರು ದೊಡ್ಡವರ ಓದನ್ನು ದಿನವೂ ಕೇಳುವರು. ದೊಡ್ಡವರು ಚಿಕ್ಕವರ ಪಾಠದಲ್ಲಿ ತಮ್ಮ ಹಳೆಯ ಪಾಠವನ್ನು ಮತ್ತೆ ಕೇಳುವರು. ಮೂರು ತಿಂಗಳು ಹೀಗೆ ಎಡೆಬಿಡದೆ ಕಲಿತ ಮಗುವು ಅಂದಿನ ಬಹು ಮಂದಿ ಸ್ತ್ರೀಯರಿಗಿಂತ ಚೆನ್ನಾಗಿ ಓದಬಲ್ಲದೆಂಬುದು ಸುಸನ್ನಮ್ಮನವರ ಅನುಭವ.

1709ನೆಯ ಇಸವಿ ಫೆಬ್ರವರಿ 9ನೆಯ ರಾತ್ರಿ ಈ ಶಾಲೆಯ ಮೇಲೆ ದೊಡ್ಡ ವಿಪತ್ತು ಬಂದೆರಗಿತು. ಮನೆಯ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದು, ನಡುರಾತ್ರಿಯಲ್ಲಿ ಎಲ್ಲರೂ ಎದ್ದು ಹೊರಕ್ಕೆ ಓಡಿದರು. ಮಕ್ಕಳನ್ನು ಎಣಿಸಿದಾಗ ಐದು ವರ್ಷದ ಜಾನನು ಇರಲಿಲ್ಲ. ಮೇಲಿನ ಕಿಟಕಿಯಲ್ಲಿ ಅವನ ಮುಖವು ಕಾಣಿಸಲು, ನೆರೆಯವನೊಬ್ಬನು ಇನ್ನೊಬ್ಬನ ಹೆಗಲ ಮೇಲೆ ನಿಂತು ಅವನನ್ನು ಎಳೆದುಕೊಂಡನು. ಆ ಕ್ಷಣವೇ ಮಾಡು ಕುಸಿದು ಬಿತ್ತು. ಮಕ್ಕಳೆಲ್ಲರ ಪ್ರಾಣ ಉಳಿಯಿತು. ಆದರೆ ಮನೆ, ಬಟ್ಟೆಬರೆ, ಪುಸ್ತಕಗಳು, ಕಾಗದಪತ್ರಗಳು ಎಲ್ಲವೂ ಬೂದಿಯಾದವು. ತುಂಬು ಗರ್ಭಿಣಿಯಾಗಿದ್ದ ಸುಸನ್ನಮ್ಮನವರು ಮರುತಿಂಗಳಲ್ಲಿ ಕಡೆಯ ಮಗಳಾದ ಕೆಜಿಯಳನ್ನು ಹೆತ್ತರು. ಮಕ್ಕಳನ್ನು ಬಂಧುಗಳ ಮನೆಗೂ ಇತರರ ಮನೆಗಳಿಗೂ ಹಂಚಿ ಕಳುಹಿಸಬೇಕಾಯಿತು. ಇಬ್ಬರು ಹೆಣ್ಣುಮಕ್ಕಳು ಲಂಡನ್ನಿನಲ್ಲಿದ್ದ ಚಿಕ್ಕಪ್ಪನವರ ಮನೆ ಸೇರಿದರು.

ಇಟ್ಟಿಗೆಯ ಹೊಸ ಮನೆಯು ಎದ್ದು ಮಕ್ಕಳು ಮರಳಿ ಬಂದಾಗ, ತಾಯಿಯು ಹಲವು ವರ್ಷ ಕಟ್ಟಿದ್ದು ಕೆಲವು ತಿಂಗಳಲ್ಲಿ ಸಡಿಲವಾಗಿತ್ತು. ಒರಟು ಮಾತು ಕಲಿತಿದ್ದರು. ಓದಿನ ನೇಮವು ತಪ್ಪಿತ್ತು. ಒಬ್ಬರಿಗೊಬ್ಬರು ತೋರಿಸುತ್ತಿದ್ದ ಮರ್ಯಾದೆಯೂ ತಗ್ಗಿತ್ತು. ಇಂತಹ ಹೊತ್ತಿನಲ್ಲಿ ಎದೆಗುಂದದ ತಾಯಿಯುಂಟೇ? ಆದರೆ ಸುಸನ್ನಮ್ಮನವರು ಶಾಲೆಯನ್ನು ಮೊದಲಿನಿಂದ ತೊಡಗಿ, ಎರಡು ಹೊಸ ಏರ್ಪಾಡುಗಳನ್ನು ಮಾಡಿದರು. ಮೊದಲನೆಯದು, ಶಾಲೆಯನ್ನು ಆರಂಭಿಸುವಾಗಲೂ ಮುಗಿಸುವಾಗಲೂ ಎಲ್ಲರೂ ಕೂಡಿ ಕೀರ್ತನೆ ಹಾಡುವುದು. ಎರಡನೆಯದೇ ನಮ್ಮ ತಾಯಂದಿರ ಪ್ರಶ್ನೆಗೆ ನೇರವಾದ ಉತ್ತರ. ಸಂಜೆ ಐದು ಗಂಟೆಗೆ ಎಲ್ಲರಿಗೂ ಹಿರಿಯಳಾದವಳು ಮಾತು ಬಲ್ಲ ಎಲ್ಲರಿಗಿಂತ ಕಿರಿಯ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಎರಡನೆಯವಳು ಅದಕ್ಕಿಂತ ಮೇಲಿನ ಮಗುವನ್ನು. ಹೀಗೆ ಜೋಡಿ ಜೋಡಿಯಾಗಿ ಕುಳಿತು, ದೊಡ್ಡವರು ಚಿಕ್ಕವರಿಗೆ ಆ ದಿನದ ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯ ಒಂದು ಅಧ್ಯಾಯವನ್ನೂ ಓದಿ ಹೇಳಬೇಕು. ಅತಿ ಹಿರಿಯಳಿಗೆ ಅತಿ ಕಿರಿಯ ಕೂಸನ್ನು ಒಪ್ಪಿಸಿದುದರಲ್ಲಿ ಎಂತಹ ಜಾಣತನ! ಒಂದೆರಡು ವರ್ಷ ಮಾತ್ರ ಅಂತರವುಳ್ಳ ಮಕ್ಕಳಲ್ಲಿ ಪೈಪೋಟಿಯುಂಟು. ಹದಿನಾರರ ಅಕ್ಕನ ಮಡಿಲಲ್ಲಿ ಕುಳಿತ ಕೂಸಿಗಾದರೋ ಪೈಪೋಟಿಯ ಮಾತೇ ಇಲ್ಲ. ಓದು ಕೇಳುವ ಸುಖವೊಂದೇ. ಬೇರೆ ಬೇರೆ ಮನೆಗಳಿಗೆ ಚದುರಿಹೋಗಿದ್ದ ಒಡಹುಟ್ಟಿದವರನ್ನು ಮತ್ತೆ ಒಂದುಗೂಡಿಸಿದ್ದು ಈ ಸಂಜೆಯ ಓದು.

ಸುಟ್ಟುಹೋದ ಪುಸ್ತಕಗಳಿಗೆ ಬದಲಾಗಿ ಆಕೆಯು ತಾನೇ ಲೇಖನಿ ಹಿಡಿದರು. ವಿಶ್ವಾಸಪ್ರಮಾಣದ ಮೇಲೆ ಒಂದು ದೀರ್ಘವಾದ ವಿವರಣೆಯನ್ನು ತನ್ನ ಮಗಳಾದ ಸುಸನ್ನಳಿಗೆ ಪತ್ರರೂಪವಾಗಿ ಬರೆದರು; ಹಿರಿಯ ಮಗಳು ಎಮಿಲಿಯಳೊಡನೆ ತಾನು ನಡಿಸಿದ ಸಂಭಾಷಣೆಯ ರೂಪದಲ್ಲಿ ಇನ್ನೊಂದನ್ನು ರಚಿಸಿದರು.

ಇಲ್ಲಿ ನಮ್ಮ ದಕ್ಷಿಣ ದೇಶದವರು ಸಂತೋಷಪಡತಕ್ಕ ಒಂದು ಸಂಗತಿಯುಂಟು. 1706ರಲ್ಲಿ ತಮಿಳು ಸೀಮೆಯ ತರಂಗಂಬಾಡಿಗೆ ಜೀಗನ್‌ಬಾಲ್ಗ್ ಮತ್ತು ಪ್ಲೂಟ್‌ಶೌ ಎಂಬ ಇಬ್ಬರು ಮಿಷನರಿಗಳು ಡೆನ್ಮಾರ್ಕಿನ ರಾಜನಿಂದ ಕಳುಹಿಸಲ್ಪಟ್ಟು ಬಂದಿದ್ದರು. ಜೀಗನ್‌ಬಾಲ್ಗ್‌ರವರು ನಮ್ಮ ದೇಶದ ಚಿಕ್ಕ ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಮರಳಿನಲ್ಲಿ ತಮಿಳಕ್ಷರಗಳನ್ನು ತಿದ್ದಿ ಕಲಿತವರು. ಇವರ ಕಾರ್ಯದ ವೃತ್ತಾಂತವು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎಮಿಲಿಯಳು ಅದನ್ನು ತಂದೆಯ ಕೋಣೆಯಲ್ಲಿ ಕಂಡು ತಾಯಿಗೆ ಓದಿ ಹೇಳಿದಳು. ಸುಸನ್ನಮ್ಮನವರ ಮನಸ್ಸು ಕಲಕಿತು. ಪರದೇಶಕ್ಕೆ ಹೋಗಿ ಹೀಗೆ ದುಡಿಯಲು ತನ್ನಿಂದಾಗದಿದ್ದರೂ, ತನ್ನ ಕೈಯಲ್ಲಿರುವ ಮಕ್ಕಳಿಗಾದರೂ ಇನ್ನಷ್ಟು ಮಾಡಬಹುದಲ್ಲವೇ ಎಂದುಕೊಂಡರು. ಅಂದಿನಿಂದ ಪ್ರತಿ ರಾತ್ರಿಯೂ ಒಂದೊಂದು ಮಗುವಿನೊಡನೆ ಏಕಾಂತವಾಗಿ ಕುಳಿತು ಮಾತನಾಡುವ ನೇಮ ಮಾಡಿದರು. ಸೋಮವಾರ ಮೇರಿ, ಮಂಗಳವಾರ ಹೆಟ್ಟಿ, ಬುಧವಾರ ಆನ್, ಗುರುವಾರ ಜಾನ್, ಶುಕ್ರವಾರ ಮಾರ್ಥಾ, ಶನಿವಾರ ಚಾರ್ಲ್ಸ್, ಆದಿತ್ಯವಾರ ಎಮಿಲಿ ಮತ್ತು ಸುಸನ್ನ. ಜಾನನು ಬೆಳೆದು ಆಕ್ಸ್‌ಫರ್ಡಿನಲ್ಲಿ ಪಂಡಿತನಾದ ಮೇಲೆಯೂ ಆ ಗುರುವಾರದ ಸಂಜೆಯನ್ನು ಮರೆಯದೆ ತಾಯಿಗೆ ಬರೆದನು. ತರಂಗಂಬಾಡಿಯ ಸುದ್ದಿಯು ಸಾವಿರಾರು ಮೈಲಿಗಳಾಚೆ ಒಂದು ಹಳ್ಳಿಯ ಮನೆಯಲ್ಲಿ ಹೀಗೆ ಫಲ ಕೊಟ್ಟಿತು!

ಯಜಮಾನರು ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದ ಅದೇ ಚಳಿಗಾಲದಲ್ಲಿ, ಆಕೆಯು ಆದಿತ್ಯವಾರ ಸಂಜೆ ಮಕ್ಕಳಿಗೂ ಮನೆಯ ಆಳುಗಳಿಗೂ ಪ್ರಸಂಗಗಳನ್ನು ಓದಿ ಹೇಳುತ್ತಿರಲು, ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಸೇರಿ, ಕೊನೆಗೆ ಸುಮಾರು 200 ಮಂದಿ ಕೂಡುವಂತಾಯಿತು. ಮಕ್ಕಳಿಗಾಗಿ ಓದುವ ತಾಯಿಯ ಧ್ವನಿಗೆ ಊರೇ ಕಿವಿಗೊಟ್ಟಿತು.

ಸುಸನ್ನಮ್ಮನವರ ಕಟ್ಟಳೆಗಳಲ್ಲಿ ಒಂದನ್ನು ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ವಿಶೇಷವಾಗಿ ಹೇಳಲೇಬೇಕು. ಯಾವ ಹುಡುಗಿಗೂ ಚೆನ್ನಾಗಿ ಓದಲು ಬರುವ ತನಕ ಹೊಲಿಗೆಯ ಕೆಲಸವನ್ನು ಕಲಿಸಕೂಡದು. ಓದು ಪಕ್ವವಾಗುವ ಮೊದಲೇ ಕೈಗೆ ಸೂಜಿ ಕೊಡುವುದರಿಂದಲೇ ಕೇಳುವಂತೆ ಓದಬಲ್ಲ ಸ್ತ್ರೀಯರು ಇಷ್ಟು ಕಡಿಮೆಯಾಗಿದ್ದಾರೆಂದು ಆಕೆಯು ಕಂಡುಕೊಂಡಿದ್ದರು. ಮನೆಯಲ್ಲಿ ಕೆಲಸಕ್ಕೆ ಕೈಗಳು ಸಾಲದಿದ್ದಾಗಲೂ, ಏಳು ಮಂದಿ ಹೆಣ್ಣುಮಕ್ಕಳಿಗೆ ಈ ಕಟ್ಟಳೆಯನ್ನು ತಪ್ಪದೆ ನಡಿಸಿದರು. ತಂಗಿ ತಮ್ಮಂದಿರನ್ನು ಎತ್ತಿಕೊಳ್ಳುವುದಕ್ಕಾಗಿ ಅಕ್ಕನ ಓದನ್ನು ನಿಲ್ಲಿಸುವ ಮನೆಗಳು ನಮ್ಮಲ್ಲಿ ಎಷ್ಟಿರಲಿಲ್ಲ? ಅಕ್ಕನ ಓದಿನಿಂದಲೇ ತಂಗಿ ತಮ್ಮಂದಿರು ಕಲಿಯುವಂತೆ ಈಕೆಯು ಮಾಡಿದರು.

ಆಕೆಯ ಪದ್ಧತಿಯೆಲ್ಲವೂ ನಮಗೆ ಹೊಂದತಕ್ಕದ್ದೆಂದು ನಾನು ಹೇಳುವುದಿಲ್ಲ. ಒಂದು ವರ್ಷ ತುಂಬುವುದರೊಳಗೆ ಕೂಸು ಬೆತ್ತಕ್ಕೆ ಅಂಜಿ ಮೆಲ್ಲಗೆ ಅಳಲು ಕಲಿಯಬೇಕೆಂಬುದು ಆ ಮನೆಯ ನಿಯಮವಾಗಿತ್ತು. ತಪ್ಪೊಪ್ಪಿಕೊಂಡವರಿಗೆ ಹೊಡೆತವಿಲ್ಲ, ಒಂದೇ ತಪ್ಪಿಗೆ ಎರಡು ಸಾರಿ ದಂಡನೆಯಿಲ್ಲ ಎಂಬ ಕನಿಕರದ ಕಟ್ಟಳೆಗಳೂ ಇದ್ದವು; ಆದರೂ ಅಂತಹ ಕಾಠಿಣ್ಯವನ್ನು ನಾವು ಒಪ್ಪಲಾರೆವು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗಳಲ್ಲಿ ದೇಹದಂಡನೆಯನ್ನು ನಿಷೇಧಿಸಿದೆ. ಒಂದೇ ದಿನದಲ್ಲಿ ಅಕ್ಷರಗಳೆಲ್ಲ ಬರಬೇಕೆಂಬುದೂ ನಮಗೆ ಸಲ್ಲದು; ಇಂಗ್ಲಿಷಿನ 26 ಅಕ್ಷರಗಳೆಲ್ಲಿ, ಕಾಗುಣಿತ ಒತ್ತಕ್ಷರಗಳಿಂದ ಕೂಡಿದ ನಮ್ಮ ಕನ್ನಡದ ವರ್ಣಮಾಲೆಯೆಲ್ಲಿ! ಆಕೆಯ ಶಾಲೆಯಲ್ಲಿಯೂ ಅವಸರವು ಕೆಲಸ ಕೆಡಿಸಿದ್ದುಂಟು. ಕೆಜಿಯಳಿಗೆ ಐದು ವರ್ಷ ತುಂಬುವ ಮೊದಲೇ ಓದು ಆರಂಭಿಸಬೇಕೆಂದು ಇತರರು ಹಟ ಹಿಡಿಯಲು, ತಾಯಿಯು ಮನಸ್ಸಿಲ್ಲದೆ ಒಪ್ಪಿದರು. ಉಳಿದವರು ತಿಂಗಳುಗಳಲ್ಲಿ ಕಲಿತದ್ದಕ್ಕೆ ಆ ಮಗುವಿಗೆ ವರ್ಷಗಳೇ ಹಿಡಿದವು. ಮೂರು ವರ್ಷದ ಕೂಸಿನ ಕೈಗೆ ಪುಸ್ತಕದ ಚೀಲವನ್ನು ಕೊಡುವ ತಂದೆತಾಯಿಗಳು ಇದನ್ನು ಯೋಚಿಸಿ ನೋಡಬೇಕು.

ಈ ಶಾಲೆಯಲ್ಲಿ ಓದಿದ ಮಕ್ಕಳ ಮುಂದಿನ ಗತಿಯೇನಾಯಿತು? ಸಾಮುವೇಲನು ಟಿವರ್ಟನ್ನಿನ ಪ್ರಸಿದ್ಧ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯನಾದನು. ಜಾನನು ಮೆಥೊಡಿಸ್ಟ್ ಪಂಗಡಕ್ಕೆ ಮೂಲಪುರುಷನಾದನು. ಚಾರ್ಲ್ಸನು ಸಾವಿರಾರು ಗೀತಗಳನ್ನು ರಚಿಸಿದನು. ಹೆಣ್ಣುಮಕ್ಕಳ ಕಥೆಯು ಬೇರೆ. ಹೆಟ್ಟಿಯು ಎಂಟು ವರ್ಷಕ್ಕೇ ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದುತ್ತಿದ್ದಳೆಂದು ಹೇಳುತ್ತಾರೆ; ಒಳ್ಳೆಯ ಕವಿಯೂ ಆದಳು. ಆದರೆ ಗಂಡುಮಕ್ಕಳು ಆಕ್ಸ್‌ಫರ್ಡಿಗೆ ಹೋದಂತೆ ಆಕೆಯು ಹೋಗುವಂತಿರಲಿಲ್ಲ. 1725ರಲ್ಲಿ ಮನಸ್ಸಿಗೆ ಒಪ್ಪದ ವಿವಾಹವಾಗಿ ಬಹು ದುಃಖದ ಬಾಳನ್ನು ಬಾಳಿದಳು. ಎಮಿಲಿಯಳು ಉಪಾಧ್ಯಾಯಿನಿಯಾಗಿ ದುಡಿದು, ಗೇನ್ಸ್‌ಬರೊ ಎಂಬಲ್ಲಿ ತನ್ನದೇ ಶಾಲೆಯೊಂದನ್ನು ನಡೆಸಿದಳು. ತಾಯಿಯು ಗಂಡು ಹೆಣ್ಣೆಂಬ ಭೇದವಿಲ್ಲದೆ ಓದು ಕೊಟ್ಟರು. ಆದರೆ ಓದಿದ ಹೆಣ್ಣಿಗೆ ನಿಲ್ಲಲು ಸ್ಥಳವನ್ನು ಆ ಕಾಲದ ಲೋಕವು ಕೊಡಲಿಲ್ಲ. ಮನೆಯ ಶಾಲೆಯು ಎಷ್ಟು ಚೆನ್ನಾಗಿದ್ದರೂ, ಅದರ ಬಾಗಿಲಾಚೆ ಹೆಣ್ಣುಮಕ್ಕಳಿಗಾಗಿ ಇನ್ನೊಂದು ಬಾಗಿಲು ತೆರೆದಿರಬೇಕೆಂಬುದಕ್ಕೆ ಹೆಟ್ಟಿಯ ಕಣ್ಣೀರೇ ಸಾಕ್ಷಿ.

1732ರಲ್ಲಿ ಜಾನನು ತಾಯಿಯ ಬೋಧನಾಪದ್ಧತಿಯನ್ನು ಬರೆದುಕೊಡಬೇಕೆಂದು ಬೇಡಿಕೊಂಡನು. ತನ್ನಂತೆ ಇಪ್ಪತ್ತು ವರ್ಷಗಳನ್ನು ಮಕ್ಕಳಿಗಾಗಿಯೇ ಸವೆಸಲು ಒಪ್ಪುವವರು ವಿರಳವೆಂದು ಹಿಂಜರಿಯುತ್ತಲೇ ಆಕೆಯು ಜುಲೈ 24ರಂದು ಬರೆದ ಪತ್ರದಿಂದಲೇ ನಮಗೆ ಇದೆಲ್ಲವೂ ತಿಳಿದುಬಂದಿದೆ. 1735ರಲ್ಲಿ ಯಜಮಾನರು ತೀರಿಕೊಂಡರು. ಸುಸನ್ನಮ್ಮನವರು ಕಡೆಯ ದಿನಗಳನ್ನು ಲಂಡನ್ನಿನಲ್ಲಿ ಜಾನನ ಬಳಿ ಕಳೆದು, 1742ರ ಜುಲೈ ತಿಂಗಳಲ್ಲಿ ಮಕ್ಕಳು ಸುತ್ತಲೂ ಇರುವಾಗ ಶಾಂತವಾಗಿ ದೇಹವನ್ನಿಟ್ಟರು. ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನಭೂಮಿಯಲ್ಲಿ ಅವರ ಸಮಾಧಿಯಿದೆ. ಬೆಂಕಿಯ ಮೇಲೆ ಎದ್ದ ಎಪ್‌ವರ್ತಿನ ಆ ಇಟ್ಟಿಗೆಯ ಮನೆಯು ಇಂದಿಗೂ ನಿಂತಿದೆ. ಜಾನನ ಹೆಸರನ್ನು ಹೊತ್ತ ವೆಸ್ಲಿಯನ್ ಮಿಷನ್ನಿನವರು 19ನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೆ ಬಂದು ಬೆಂಗಳೂರು, ಮೈಸೂರು, ತುಮಕೂರು ಮುಂತಾದ ಕಡೆಗಳಲ್ಲಿ ಶಾಲೆಗಳನ್ನು ತೆರೆದು, ಹೆಣ್ಣುಮಕ್ಕಳಿಗೂ ವಿದ್ಯೆ ಕೊಟ್ಟರು. ಎಪ್‌ವರ್ತಿನ ಆ ಕೋಣೆಯ ಋಣವು ನಮ್ಮ ನಾಡಿನ ಮೇಲೂ ಇದೆ.

ಪ್ರಿಯ ಸಹೋದರಿಯರೇ, ದಿನಕ್ಕೆ ಆರು ಗಂಟೆಗಳು ನಿಮ್ಮಲ್ಲಿಲ್ಲ. ಅಷ್ಟು ಬೇಕಾಗಿಯೂ ಇಲ್ಲ. ಶಾಲೆಗಳು ಇವೆ. ಆದರೆ ಸಂಜೆ ದೀಪ ಹತ್ತಿದ ಮೇಲೆ ಅರ್ಧ ಗಂಟೆ ಹಿರಿಯ ಮಗಳ ಮಡಿಲಿಗೆ ಕಿರಿಯ ಮಗುವನ್ನು ಕೊಟ್ಟು ಅವಳಿಂದ ಗಟ್ಟಿಯಾಗಿ ಓದಿಸಿರಿ. ವಾರಕ್ಕೊಂದು ಸಂಜೆಯನ್ನು ಒಂದೊಂದು ಮಗುವಿಗಾಗಿಯೇ ತೆಗೆದಿರಿಸಿರಿ. ಒಂದೂವರೆ ದಿನ ತೆಗೆದುಕೊಂಡ ಮಗುವನ್ನು ಒಂದೇ ದಿನ ತೆಗೆದುಕೊಂಡ ಮಗುವಿನೊಡನೆ ಹೋಲಿಸಬೇಡಿರಿ. ಹತ್ತೊಂಬತ್ತು ಸಾರಿ ಹೇಳಿಯೂ ಬಾರದಿದ್ದರೆ, ಇಪ್ಪತ್ತನೆಯ ಸಾರಿ ಹೇಳಿರಿ.